ಯಾವ ಲಿನಕ್ಸ್ ಹೆಚ್ಚು ವೇಗ? ಮೊದಲು ಅಳೆಯೋಣ, ಆಮೇಲೆ ವಾದಿಸೋಣ

ನಮ್ಮ ಕಂಪ್ಯೂಟರ್ ಲ್ಯಾಬ್‌ಗೆ ಲಿನಕ್ಸ್ ಹಾಕಬೇಕೆಂಬ ಮಾತು ಈ ವರ್ಷ ಜೋರಾಗಿ ನಡೆಯುತ್ತಿದೆ. ಕಾರಣ ಎಲ್ಲರಿಗೂ ಗೊತ್ತಿರುವುದೇ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಟಿಪಿಎಂ 2.0 ಬೇಕು. ನಮ್ಮ ಲ್ಯಾಬ್‌ನ ಹೆಚ್ಚಿನ ಯಂತ್ರಗಳು ಮೂರನೇ ತಲೆಮಾರಿನವು. 4 ಜಿಬಿ ರ‍್ಯಾಮ್, ಗರಗರ ತಿರುಗುವ ಹಾರ್ಡ್ ಡಿಸ್ಕ್. ಅವುಗಳನ್ನು ಗುಜರಿಗೆ ಹಾಕಬೇಕು, ಇಲ್ಲವೇ ಲಿನಕ್ಸ್ ಹಾಕಬೇಕು. ಇರುವುದು ಈ ಎರಡೇ ದಾರಿ.

ಲಿನಕ್ಸ್ ಹಾಕುವುದಕ್ಕೆ ಹೆಚ್ಚಿನವರ ವಿರೋಧವಿಲ್ಲ. ಜಗಳ ಇರುವುದು ಯಾವ ಲಿನಕ್ಸ್ ಎಂಬುದರಲ್ಲಿ. ಒಬ್ಬರು ಉಬುಂಟು ಅನ್ನುತ್ತಾರೆ. ಇನ್ನೊಬ್ಬರು ಅದು ಭಾರ, ಮಿಂಟ್ ಹಾಕಿ ಅನ್ನುತ್ತಾರೆ. ಮೂರನೆಯವರಿಗೆ ಆರ್ಚ್ ಬಿಟ್ಟರೆ ಉಳಿದದ್ದು ಲಿನಕ್ಸೇ ಅಲ್ಲ. ಝುಹರ್ ವಿರಾಮದಲ್ಲಿ ಶುರುವಾದ ವಾದ ಸಂಜೆ ಬಸ್ ಹತ್ತುವವರೆಗೂ ಮುಗಿಯುವುದಿಲ್ಲ. ಎಲ್ಲರ ಬಳಿಯೂ ಒಂದೊಂದು ಯೂಟ್ಯೂಬ್ ವಿಡಿಯೋ ಇದೆ. ಆದರೆ ನಮ್ಮದೇ ಲ್ಯಾಬ್‌ನ ಯಂತ್ರದಲ್ಲಿ ಅಳೆದು ತೆಗೆದ ಒಂದು ಸಂಖ್ಯೆ ಯಾರ ಬಳಿಯೂ ಇಲ್ಲ.

ಈ ವಾದದಲ್ಲಿ ನನ್ನ ಪಕ್ಷ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ಡಿಸ್ಟ್ರೋಗಳ ನಡುವೆ ವೇಗದ ವ್ಯತ್ಯಾಸ ಇದೆ. ಆದರೆ ನಾವು ಜಗಳಾಡುವಷ್ಟು ದೊಡ್ಡದಲ್ಲ. ನಮ್ಮಂಥ ಹಳೆಯ ಯಂತ್ರಗಳಲ್ಲಿ ನಿಜವಾದ ವ್ಯತ್ಯಾಸ ಮಾಡುವುದು ಡಿಸ್ಕ್, ರ‍್ಯಾಮ್ ಮತ್ತು ನಾವು ಆರಿಸುವ ಡೆಸ್ಕ್‌ಟಾಪ್. ಆದ್ದರಿಂದ ಹೆಸರು ನೋಡಿ ತೀರ್ಮಾನಿಸುವುದು ಬೇಡ. ನಮ್ಮ ಯಂತ್ರದಲ್ಲಿ, ನಮ್ಮ ಕೆಲಸಗಳನ್ನು ಇಟ್ಟುಕೊಂಡು, ನಾವೇ ಅಳೆದು ತೀರ್ಮಾನಿಸೋಣ.

ಇದು ಹುಡುಗರ ಹರಟೆಯ ವಿಷಯವಷ್ಟೇ ಅಲ್ಲ. ನಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಅವರಿಗೆ ಕಾಲೇಜಿನ ಲ್ಯಾಬೇ ಕಂಪ್ಯೂಟರ್. ಪ್ರಾಕ್ಟಿಕಲ್ ಅವಧಿಯಲ್ಲಿ ಯಂತ್ರ ಚಾಲೂ ಆಗಿ ಬ್ರೌಸರ್ ತೆರೆಯುವುದಕ್ಕೇ ಹತ್ತು ನಿಮಿಷ ಹೋದರೆ ಆ ಹತ್ತು ನಿಮಿಷ ನಷ್ಟವಾಗುವುದು ಮನೆಯಲ್ಲಿ ಲ್ಯಾಪ್‌ಟಾಪ್ ಇರುವವನಿಗಲ್ಲ.

ಹೆಸರು ಹಲವು, ಎಂಜಿನ್ ಒಂದೇ

ಪ್ರಥಮ ಪಿಯುಸಿಯ ಗೆಳೆಯರಿಗಾಗಿ ಸ್ವಲ್ಪ ಹಿನ್ನೆಲೆ. ಲಿನಕ್ಸ್ ಅಂದರೆ ಸರಿಯಾದ ಅರ್ಥದಲ್ಲಿ ಕರ್ನಲ್ ಮಾತ್ರ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಬರೆಯಲು ಶುರು ಮಾಡಿದರು. ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಕೀಬೋರ್ಡ್ ಇವುಗಳಿಗೂ ನಮ್ಮ ಪ್ರೋಗ್ರಾಮ್‌ಗಳಿಗೂ ನಡುವೆ ನಿಂತು ಯಾರಿಗೆ ಎಷ್ಟು ಸಮಯ, ಎಷ್ಟು ಜಾಗ ಎಂದು ಹಂಚುವುದು ಕರ್ನಲ್‌ನ ಕೆಲಸ. ಈ ಕರ್ನಲ್‌ಗೆ ಗ್ನೂ ಯೋಜನೆಯ ಸಾಧನಗಳು, ಡೆಸ್ಕ್‌ಟಾಪ್, ಬ್ರೌಸರ್, ಲಿಬ್ರೆಆಫೀಸ್ ಇವನ್ನೆಲ್ಲ ಸೇರಿಸಿ ಇನ್‌ಸ್ಟಾಲ್ ಮಾಡಲು ಸಿದ್ಧಪಡಿಸಿ ಕೊಟ್ಟರೆ ಅದು ಡಿಸ್ಟ್ರಿಬ್ಯೂಷನ್, ಅಂದರೆ ನಮ್ಮ ಮಾತಿನ ಡಿಸ್ಟ್ರೋ.

ಡೆಬಿಯನ್ 1993ರಲ್ಲಿ ಶುರುವಾಯಿತು. ಡೆಬಿಯನ್ ಆಧಾರದ ಮೇಲೆ 2004ರಲ್ಲಿ ಉಬುಂಟು ಬಂತು. ಉಬುಂಟು ಆಧಾರದ ಮೇಲೆ 2006ರಲ್ಲಿ ಲಿನಕ್ಸ್ ಮಿಂಟ್ ಬಂತು. ನಮ್ಮ ಸಿ-ಡ್ಯಾಕ್ ಸಂಸ್ಥೆ ತಯಾರಿಸಿದ ಬಾಸ್ ಲಿನಕ್ಸ್ ಕೂಡ ಡೆಬಿಯನ್‌ನಿಂದಲೇ ಹುಟ್ಟಿದ್ದು. ಇವೆಲ್ಲ ಒಂದೇ ಮನೆತನದ ಅಜ್ಜ, ಮಕ್ಕಳು, ಮೊಮ್ಮಕ್ಕಳು. ಫೆಡೋರಾ, ಆರ್ಚ್ ಬೇರೆ ಮನೆತನದವು. ಆದರೆ ಕರ್ನಲ್ ಮಾತ್ರ ಎಲ್ಲರದ್ದೂ ಒಂದೇ. ಆವೃತ್ತಿ ಹಿಂದೆ ಮುಂದೆ ಇರಬಹುದು, ಅಷ್ಟೇ. ಒಂದೇ ಎಂಜಿನ್ನಿನ ಹಲವು ಬಸ್ಸುಗಳಿದ್ದ ಹಾಗೆ. ಸೀಟು ಬೇರೆ, ಬಣ್ಣ ಬೇರೆ, ಹೇರಿದ ಸಾಮಾನು ಬೇರೆ. ಹಾಗಾಗಿ ಬಸ್ಸು ನಿಧಾನವಾದರೆ ಮೊದಲು ಹೇರಿದ ಸಾಮಾನನ್ನೂ ರಸ್ತೆಯನ್ನೂ ನೋಡಬೇಕು.

ಉಬುಂಟು ಭಾರ ಎಂಬ ಮಾತು

"ಉಬುಂಟು ಭಾರ, ಲುಬುಂಟು ಹಗುರ" ಎಂದು ಎಲ್ಲರೂ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಇಲ್ಲಿ ಹೋಲಿಕೆ ಆಗುತ್ತಿರುವುದು ಎರಡು ಡಿಸ್ಟ್ರೋಗಳದ್ದಲ್ಲ. ಉಬುಂಟು, ಝುಬುಂಟು, ಲುಬುಂಟು ಮೂರಕ್ಕೂ ಸಾಫ್ಟ್‌ವೇರ್ ಬರುವುದು ಒಂದೇ ಉಗ್ರಾಣದಿಂದ. ಬೇರೆಯಾಗಿರುವುದು ಡೆಸ್ಕ್‌ಟಾಪ್. ಉಬುಂಟುವಿನಲ್ಲಿ ಗ್ನೋಮ್, ಝುಬುಂಟುವಿನಲ್ಲಿ ಎಕ್ಸ್‌ಎಫ್‌ಸಿಇ, ಲುಬುಂಟುವಿನಲ್ಲಿ ಎಲ್‌ಎಕ್ಸ್‌ಕ್ಯೂಟಿ. ಗ್ನೋಮ್ ನೋಡಲು ಚೆಂದ, ಆದರೆ ಏನೂ ತೆರೆಯದೆ ಸುಮ್ಮನೆ ಕೂತಿರುವಾಗಲೇ ಸುಮಾರು 1 ಜಿಬಿ ಅಥವಾ ಅದಕ್ಕೂ ಹೆಚ್ಚು ರ‍್ಯಾಮ್ ಹಿಡಿದುಕೊಳ್ಳುತ್ತದೆ. ಇನ್ನೆರಡು ಅದಕ್ಕಿಂತ ಸಾಕಷ್ಟು ಕಡಿಮೆಯಲ್ಲಿ ಸಾಗುತ್ತವೆ. 16 ಜಿಬಿ ಇರುವ ಯಂತ್ರದಲ್ಲಿ ಇದು ಗಮನಕ್ಕೇ ಬಾರದು. 4 ಜಿಬಿಯಲ್ಲಿ ಬರುತ್ತದೆ. ಅಂದರೆ ಡೆಬಿಯನ್‌ಗೆ ಗ್ನೋಮ್ ಹಾಕಿದರೆ ಅದೂ ಭಾರವೇ, ಉಬುಂಟುವಿಗೆ ಎಕ್ಸ್‌ಎಫ್‌ಸಿಇ ಹಾಕಿದರೆ ಅದೂ ಹಗುರವೇ.

ಇನ್ನೊಂದು ಉದಾಹರಣೆ ಫೈರ್‌ಫಾಕ್ಸ್. ಉಬುಂಟು 22.04ರಿಂದ ಅದು ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಮಾತ್ರ ಬರುತ್ತದೆ. ಸ್ನ್ಯಾಪ್ ಅಂದರೆ ಕುಗ್ಗಿಸಿದ ಒಂದು ಕಡತ. ಓಡಿಸುವಾಗ ಬಿಚ್ಚಿಕೊಳ್ಳುತ್ತಾ ಓದಬೇಕು. ಆದ್ದರಿಂದ ಯಂತ್ರ ಚಾಲೂ ಮಾಡಿದ ಮೇಲೆ ಮೊದಲ ಸಲ ಬ್ರೌಸರ್ ತೆರೆಯುವಾಗ, ಅದೂ ಹಾರ್ಡ್ ಡಿಸ್ಕ್ ಇದ್ದರೆ, ತಡವಾಗುತ್ತದೆ. ಮಿಂಟ್ ಅದೇ ಉಬುಂಟುವಿನ ಆಧಾರದ ಮೇಲಿದ್ದರೂ 2020ರಿಂದ ಸ್ನ್ಯಾಪ್ ಅನ್ನು ದೂರ ಇಟ್ಟಿದೆ. "ಮಿಂಟ್‌ನಲ್ಲಿ ಬ್ರೌಸರ್ ಬೇಗ ತೆರೆಯುತ್ತೆ" ಅನ್ನುವವರ ಅನುಭವ ನಿಜ, ಆದರೆ ಅದರ ಹಿಂದಿರುವುದು ಪ್ಯಾಕೇಜಿನ ಈ ವ್ಯತ್ಯಾಸ.

ಪೈಥಾನ್ ಬರೆಯುವವರಿಗೆ ಇನ್ನೊಂದು. ಒಂದೇ ಪ್ರೋಗ್ರಾಮ್ ಅನ್ನು ಉಬುಂಟು 22.04ರಲ್ಲೂ ಡೆಬಿಯನ್ 12ರಲ್ಲೂ ಓಡಿಸಿದರೆ ಡೆಬಿಯನ್ ಗೆಲ್ಲುವ ಸಾಧ್ಯತೆ ಹೆಚ್ಚು. ಡೆಬಿಯನ್ ವೇಗವೆಂದು ಡಂಗುರ ಸಾರುವ ಮೊದಲು ಆವೃತ್ತಿ ನೋಡಿ. ಮೊದಲನೆಯದರಲ್ಲಿರುವುದು ಪೈಥಾನ್ 3.10, ಎರಡನೆಯದರಲ್ಲಿ 3.11. ಪೈಥಾನ್ ಅಭಿವೃದ್ಧಿಪಡಿಸುವವರೇ ಹೇಳುವ ಪ್ರಕಾರ 3.11 ಹಿಂದಿನದಕ್ಕಿಂತ 10ರಿಂದ 60 ಶೇಕಡದಷ್ಟು ವೇಗ. ಗೆದ್ದಿದ್ದು ಪೈಥಾನ್‌ನ ಹೊಸ ಆವೃತ್ತಿ. ಉಬುಂಟು 24.04ರಲ್ಲಿ 3.12 ಇದೆ, ಅದನ್ನು ಡೆಬಿಯನ್ 12ರ ಎದುರು ಇಟ್ಟರೆ ಆವೃತ್ತಿಯ ಲಾಭ ಈ ಕಡೆಗೆ ಬರುತ್ತದೆ.

ಡಿಸ್ಕಿನ ಲೆಕ್ಕ

ಈಗ ನಮ್ಮ ಫಿಸಿಕ್ಸ್ ಪಾಠಕ್ಕೆ ಬರೋಣ. ಸಾಮಾನ್ಯ ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.33 ಮಿಲಿಸೆಕೆಂಡ್. ಬೇಕಾದ ಮಾಹಿತಿ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು 4.17 ಮಿಲಿಸೆಕೆಂಡ್. ತಲೆ ಸರಿಯಾದ ಪಥಕ್ಕೆ ಸರಿಯಲು ಇನ್ನೊಂದು 8-9 ಮಿಲಿಸೆಕೆಂಡ್. ಒಟ್ಟು ಸುಮಾರು 13 ಮಿಲಿಸೆಕೆಂಡ್. ಚದುರಿಬಿದ್ದ ಸಣ್ಣ ಕಡತಗಳನ್ನು ಓದುವಾಗ ಇಂಥ ಡಿಸ್ಕ್ ಸೆಕೆಂಡಿಗೆ ಓದಬಲ್ಲದ್ದು ಎಂಬತ್ತರ ಆಸುಪಾಸು. ಯಂತ್ರ ಚಾಲೂ ಆಗುವಾಗ, ಬ್ರೌಸರ್ ತೆರೆಯುವಾಗ ಓದಬೇಕಾಗುವುದು ಇಂಥ ಸಾವಿರಾರು ಚೂರುಗಳನ್ನೇ.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಅದೇ ಚೂರನ್ನು ಸುಮಾರು 0.1 ಮಿಲಿಸೆಕೆಂಡಿನಲ್ಲಿ ಕೊಡುತ್ತದೆ. ಇದು ನೂರು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ. ಯಾವ ಡಿಸ್ಟ್ರೋ ಬದಲಾಯಿಸಿದರೂ ನೂರು ಪಟ್ಟು ಬಿಡಿ, ಎರಡು ಪಟ್ಟು ವ್ಯತ್ಯಾಸ ಬರುವುದೂ ಅಪರೂಪ.

ಇದನ್ನು ಲೆಕ್ಕದಲ್ಲಿ ತೋರಿಸುವ ಒಂದು ನಿಯಮವಿದೆ. 1967ರಲ್ಲಿ ಜೀನ್ ಆಮ್ಡಾಲ್ ಎಂಬ ಕಂಪ್ಯೂಟರ್ ವಿನ್ಯಾಸಕಾರ ಮಂಡಿಸಿದ ವಾದದಿಂದ ಬಂದದ್ದು. ಕೆಲಸದ ಒಂದು ಭಾಗವನ್ನು ಎಷ್ಟೇ ವೇಗ ಮಾಡಿದರೂ ಒಟ್ಟು ಲಾಭ ಆ ಭಾಗ ಎಷ್ಟು ಸಮಯ ತಿನ್ನುತ್ತಿತ್ತೋ ಅದನ್ನು ಮೀರುವುದಿಲ್ಲ ಎಂಬುದು ಅದರ ಸಾರ. ಲೆಕ್ಕಕ್ಕೆಂದು ಹೀಗೆ ಊಹಿಸೋಣ: ಬ್ರೌಸರ್ ತೆರೆಯಲು 20 ಸೆಕೆಂಡ್ ಬೇಕು, ಅದರಲ್ಲಿ 17 ಸೆಕೆಂಡ್ ಡಿಸ್ಕಿಗಾಗಿ ಕಾಯುವುದು, 3 ಸೆಕೆಂಡ್ ಪ್ರೊಸೆಸರ್ ಕೆಲಸ. ಒಂದು "ಸೂಪರ್ ಫಾಸ್ಟ್" ಡಿಸ್ಟ್ರೋ ಪ್ರೊಸೆಸರ್ ಸಮಯವನ್ನು 10 ಶೇಕಡ ಕಡಿಮೆ ಮಾಡಿತು ಅನ್ನಿ. ಒಟ್ಟು ಸಮಯ 19.7 ಸೆಕೆಂಡ್. ಅದರ ಬದಲು ಡಿಸ್ಕ್ ಕಾಯುವಿಕೆ ಹತ್ತರಲ್ಲಿ ಒಂದು ಪಾಲಿಗೆ ಇಳಿದರೆ? 1.7 ಕೂಡಿಸು 3, ಅಂದರೆ 4.7 ಸೆಕೆಂಡ್. ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಇನ್ನು ಬಿಡಿಸಿ ಹೇಳಬೇಕಿಲ್ಲ.

ರ‍್ಯಾಮ್ ಕಥೆಯೂ ಹಾಗೇ. ರ‍್ಯಾಮ್ ತುಂಬಿದಾಗ ಕರ್ನಲ್ ಕೆಲವು ಭಾಗಗಳನ್ನು ಡಿಸ್ಕಿನ ಸ್ವಾಪ್ ಜಾಗಕ್ಕೆ ಸಾಗಿಸುತ್ತದೆ. ಮತ್ತೆ ಬೇಕಾದಾಗ ಅದೇ ನಿಧಾನದ ಡಿಸ್ಕಿನಿಂದ ತರಬೇಕು. ಮೌಸ್ ಅಲುಗಾಡದೆ ನಿಂತುಬಿಡುವುದು ಆಗಲೇ. ಐದಾರು ಟ್ಯಾಬ್ ತೆರೆದ ಬ್ರೌಸರ್ ಯಾವ ಡಿಸ್ಟ್ರೋದಲ್ಲಾದರೂ ಡೆಸ್ಕ್‌ಟಾಪ್‌ಗಿಂತ ಹೆಚ್ಚು ರ‍್ಯಾಮ್ ಕೇಳುತ್ತದೆ. ಹೀಗಾಗಿ 4 ಜಿಬಿಯನ್ನು 8 ಮಾಡಿದರೆ ಆಗುವ ಉಪಕಾರ ದೊಡ್ಡದು. ಅದಾಗದಿದ್ದರೆ ಝಡ್‌ರ‍್ಯಾಮ್ ಇದೆ. ಅದು ಬಳಕೆಯಲ್ಲಿಲ್ಲದ ಮಾಹಿತಿಯನ್ನು ಡಿಸ್ಕಿಗೆ ಕಳಿಸದೆ ರ‍್ಯಾಮ್‌ನಲ್ಲೇ ಕುಗ್ಗಿಸಿ ಇಡುತ್ತದೆ. ಫೆಡೋರಾ 2020ರಿಂದ ಇದನ್ನು ತಾನಾಗಿಯೇ ಚಾಲೂ ಮಾಡಿ ಕೊಡುತ್ತದೆ. ಡೆಬಿಯನ್‌ನಲ್ಲಿ ನಾವು ಒಂದು ಸಣ್ಣ ಪ್ಯಾಕೇಜ್ ಹಾಕಿಕೊಂಡರಾಯಿತು. ಇದನ್ನು ತಿಳಿಯದವರು ಎರಡನ್ನೂ ಹೋಲಿಸಿ "ಕಡಿಮೆ ರ‍್ಯಾಮ್‌ಗೆ ಫೆಡೋರಾನೇ ಬೆಸ್ಟ್" ಎಂದುಬಿಡುತ್ತಾರೆ.

ಅತಿ ವೇಗದವುಗಳ ಪಾಡು

ನಿಜಕ್ಕೂ ವೇಗಕ್ಕೆಂದೇ ಕಟ್ಟಿದ ಡಿಸ್ಟ್ರೋಗಳಿಲ್ಲವೇ? ಇವೆ. ಇಂಟೆಲ್ ಕಂಪನಿ ಕ್ಲಿಯರ್ ಲಿನಕ್ಸ್ ಎಂಬುದನ್ನು ತಯಾರಿಸುತ್ತಿತ್ತು. ಹೊಸ ಪ್ರೊಸೆಸರ್‌ಗಳ ಸಾಮರ್ಥ್ಯವನ್ನೆಲ್ಲ ಹಿಂಡಿ ತೆಗೆಯುವಂತೆ ಪ್ರತಿ ಪ್ಯಾಕೇಜನ್ನೂ ಹದ ಮಾಡಿದ್ದರು. ಫೊರೊನಿಕ್ಸ್ ಪ್ರಕಟಿಸುವ ಪರೀಕ್ಷೆಗಳಲ್ಲಿ ಅದು ಅನೇಕ ಬಾರಿ ಮೊದಲ ಸ್ಥಾನದಲ್ಲಿರುತ್ತಿತ್ತು. 2025ರ ಜುಲೈನಲ್ಲಿ ಇಂಟೆಲ್ ಅದನ್ನು ನಿಲ್ಲಿಸಿತು. ಸುರಕ್ಷತಾ ಅಪ್‌ಡೇಟ್‌ಗಳೂ ನಿಂತವು. ಆ ವೇಗವನ್ನು ನಂಬಿ ಒಂದು ಕಾಲೇಜಿನ ಲ್ಯಾಬ್ ಪೂರ್ತಿ ಅದನ್ನೇ ಹಾಕಿಕೊಂಡಿದ್ದರೆ ಆ ವಾರವೇ ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು.

ಈಗ ಕ್ಯಾಚಿಓಎಸ್ ಎಂಬ ಹೆಸರು ಕೇಳಿಬರುತ್ತಿದೆ. ಆರ್ಚ್ ಆಧಾರಿತ. ಅದರ ವಿಶೇಷವೆಂದರೆ ಹೊಸ ಪ್ರೊಸೆಸರ್‌ಗಳಲ್ಲಿರುವ ಎವಿಎಕ್ಸ್2 ಮುಂತಾದ ಆಜ್ಞೆಗಳನ್ನು ಬಳಸುವಂತೆ ಕಂಪೈಲ್ ಮಾಡಿದ ಪ್ಯಾಕೇಜುಗಳು. ಒಳ್ಳೆಯ ಕೆಲಸವೇ. ಆದರೆ ಎವಿಎಕ್ಸ್2 ಇಂಟೆಲ್‌ನಲ್ಲಿ ಬಂದದ್ದು 2013ರ ನಾಲ್ಕನೇ ತಲೆಮಾರಿನಿಂದ. ನಮ್ಮ ಮೂರನೇ ತಲೆಮಾರಿನ ಯಂತ್ರಗಳಲ್ಲಿ ಆ ಪ್ಯಾಕೇಜುಗಳು ಓಡುವುದೇ ಇಲ್ಲ. ಅದರ ವೇಗದ ವಿಡಿಯೋ ನೋಡಿ ನಾವು ಬಾಯಿ ಚಪ್ಪರಿಸಬಹುದು, ಅಷ್ಟೇ. ದೂರದ ಬೆಟ್ಟ ನುಣ್ಣಗೆ.

ಜೆಂಟೂ ಇನ್ನೊಂದು ರೀತಿಯದು. ಪ್ರತಿಯೊಂದನ್ನೂ ನಮ್ಮ ಯಂತ್ರಕ್ಕೆ ತಕ್ಕಂತೆ ನಾವೇ ಕಂಪೈಲ್ ಮಾಡಿಕೊಳ್ಳುವುದು ಅದರ ಮೂಲ ಕ್ರಮ. 2023ರ ಕೊನೆಯಿಂದ ಸಿದ್ಧ ಪ್ಯಾಕೇಜುಗಳನ್ನೂ ಕೊಡುತ್ತಿದ್ದಾರೆ. ಕಲಿಯಲು ಅದರಷ್ಟು ಒಳ್ಳೆಯ ಗುರು ಇಲ್ಲ. ಆದರೆ ಹಳೆಯ ಎರಡು ಕೋರ್‌ನ ಯಂತ್ರದಲ್ಲಿ ಬ್ರೌಸರ್ ಒಂದನ್ನು ಕಂಪೈಲ್ ಮಾಡಲು ಗಂಟೆಗಟ್ಟಲೆ ಬೇಕು. ಅಲ್ಲಿ ಕಳೆದ ಗಂಟೆಗಳನ್ನು ಅದು ಉಳಿಸುವ ಮಿಲಿಸೆಕೆಂಡುಗಳಿಂದ ತುಂಬಿಸಲು ಎಷ್ಟು ವರ್ಷ ಬೇಕೋ ಗಣಿತದ ಸರ್ ಅವರನ್ನೇ ಕೇಳಬೇಕು.

ಅಳೆಯುವುದು ಹೇಗೆ

ಫಿಸಿಕ್ಸ್ ಲ್ಯಾಬ್‌ನಲ್ಲಿ ಲೋಲಕದ ಅವಧಿ ತೆಗೆಯುವಾಗ ನಾವು ಒಂದೇ ಆಂದೋಲನ ಅಳೆದು ಎದ್ದು ಬರುವುದಿಲ್ಲ. ಇಪ್ಪತ್ತು ಆಂದೋಲನ ಎಣಿಸುತ್ತೇವೆ, ಮತ್ತೆ ಮತ್ತೆ ಮಾಡುತ್ತೇವೆ, ಸರಾಸರಿ ತೆಗೆಯುತ್ತೇವೆ. ಉದ್ದ ಬದಲಾಯಿಸುವಾಗ ಗುಂಡು ಬದಲಾಯಿಸುವುದಿಲ್ಲ. ಇಷ್ಟು ಶಿಸ್ತು ಕಂಪ್ಯೂಟರಿಗೂ ಸಾಕು.

ಮೊದಲನೆಯದು, ಯಂತ್ರ ಒಂದೇ ಇರಬೇಕು. ಬಷೀರನ ಹೊಸ ಲ್ಯಾಪ್‌ಟಾಪಿನ ಫೆಡೋರಾವನ್ನು ಲ್ಯಾಬ್‌ನ ಮೂಲೆಯ ಯಂತ್ರದ ಉಬುಂಟುವಿಗೆ ಹೋಲಿಸಿದರೆ ಅಳೆದದ್ದು ಬಷೀರನ ಅಪ್ಪನ ಜೇಬನ್ನು.

ಎರಡನೆಯದು, ಇನ್‌ಸ್ಟಾಲ್ ಮಾಡಿಯೇ ನೋಡಬೇಕು. ಪೆನ್‌ಡ್ರೈವ್‌ನಿಂದ ಲೈವ್ ಓಡಿಸಿ "ನಿಧಾನ" ಅನ್ನುವುದು ತಪ್ಪು. ಯುಎಸ್‌ಬಿ 2.0 ಕಿಂಡಿಯಿಂದ ಸೆಕೆಂಡಿಗೆ 30-40 ಎಂಬಿಗಿಂತ ಹೆಚ್ಚು ಬರುವುದು ಕಷ್ಟ, ಅದೂ ಕುಗ್ಗಿಸಿದ ಕಡತದಿಂದ ಬಿಚ್ಚಿ ಓದಬೇಕು. ಪಪ್ಪಿ ಲಿನಕ್ಸ್ ಲೈವ್‌ನಲ್ಲಿ ಚುರುಕಾಗಿ ಕಾಣುವುದಕ್ಕೆ ಕಾರಣ ಅದು ಪೂರ್ತಿಯಾಗಿ ರ‍್ಯಾಮ್‌ಗೆ ಏರಿ ಕೂರುವಷ್ಟು ಚಿಕ್ಕದಿರುವುದು.

ಮೂರನೆಯದು, ಮೊದಲ ಸಲ ತೆರೆದ ಸಮಯ, ಎರಡನೆಯ ಸಲ ತೆರೆದ ಸಮಯ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಬೇಕು. ಒಮ್ಮೆ ಓದಿದ್ದನ್ನು ಲಿನಕ್ಸ್ ಖಾಲಿ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ. ಎರಡನೆಯ ಸಲ ಡಿಸ್ಕಿಗೆ ಹೋಗುವ ಅಗತ್ಯವೇ ಇರುವುದಿಲ್ಲ. ಒಂದರ ಮೊದಲ ಸಲವನ್ನು ಇನ್ನೊಂದರ ಎರಡನೆಯ ಸಲಕ್ಕೆ ಹೋಲಿಸಿದರೆ ಅದು ಮೋಸದ ಪಂದ್ಯ. ರ‍್ಯಾಮ್ ಬಳಕೆ ನೋಡುವಾಗಲೂ ಇದೇ ಎಚ್ಚರ ಬೇಕು. ಫ್ರೀ ಎಂಬ ಆಜ್ಞೆ ಕೊಟ್ಟು "ಖಾಲಿ 200 ಎಂಬಿ ಮಾತ್ರ ಉಳಿದಿದೆ" ಎಂದು ಗಾಬರಿಯಾಗುವವರಿದ್ದಾರೆ. ನೋಡಬೇಕಾದದ್ದು "ಅವೈಲಬಲ್" ಎಂಬ ಕಾಲಂ. ಹೀಗೆ ಇಟ್ಟುಕೊಂಡ ರ‍್ಯಾಮ್‌ನ ಬಹುಪಾಲನ್ನು ಪ್ರೋಗ್ರಾಮ್ ಕೇಳಿದೊಡನೆ ಕರ್ನಲ್ ಬಿಟ್ಟುಕೊಡುತ್ತದೆ.

ನಾಲ್ಕನೆಯದು, ಐದು ಸಲ ಅಳೆದು ಸರಾಸರಿ ತೆಗೆಯಬೇಕು. ಐದು ರೀಡಿಂಗ್‌ಗಳ ನಡುವಿನ ಏರಿಳಿತವೇ ಎರಡು ಡಿಸ್ಟ್ರೋಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಿದ್ದರೆ ಯಾರೂ ಗೆದ್ದಿಲ್ಲ ಎಂದು ಒಪ್ಪಿಕೊಳ್ಳಬೇಕು. ಅದಕ್ಕೂ ಮೊದಲು ಫ್ಯಾನಿನ ಧೂಳು ಕೊಡವಬೇಕು. ಬಿಸಿಯಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ.

ಏನನ್ನು ಅಳೆಯಬೇಕು

ಯಂತ್ರ ಎಷ್ಟು ಸೆಕೆಂಡಿನಲ್ಲಿ ಚಾಲೂ ಆಗುತ್ತದೆ ಎಂಬುದೊಂದನ್ನೇ ಹಿಡಿದುಕೊಂಡು ಕೂರುವವರು ನಮ್ಮಲ್ಲಿ ಜಾಸ್ತಿ. ಅದು ಬೇಕು, ಆದರೆ ದಿನಕ್ಕೆ ಒಂದೆರಡು ಸಲದ ಮಾತು. ನಾವು ಲ್ಯಾಬ್‌ನಲ್ಲಿ ದಿನವೂ ಮಾಡುವ ಕೆಲಸಗಳನ್ನೇ ಪರೀಕ್ಷೆಗೆ ಇಡಬೇಕು. ನನ್ನ ಪಟ್ಟಿ ಇದು.

ಒಂದು, ಪವರ್ ಬಟನ್ ಒತ್ತಿದ ಕ್ಷಣದಿಂದ ಬ್ರೌಸರ್‌ನಲ್ಲಿ ಮೊದಲ ಪುಟ ಓದಲು ಸಿಗುವವರೆಗಿನ ಸಮಯ. ಡೆಸ್ಕ್‌ಟಾಪಿನ ಚಿತ್ರ ಕಂಡ ಕೂಡಲೇ ಸ್ಟಾಪ್‌ವಾಚ್ ನಿಲ್ಲಿಸುವುದು ಬೇಡ. ಆಗ ಹಿನ್ನೆಲೆಯಲ್ಲಿ ಇನ್ನೂ ಅರ್ಧ ಕೆಲಸ ಬಾಕಿ ಇರುತ್ತದೆ.

ಎರಡು, ಪೈಥಾನ್‌ನಲ್ಲಿ ಹತ್ತು ಲಕ್ಷದೊಳಗಿನ ಅವಿಭಾಜ್ಯ ಸಂಖ್ಯೆಗಳನ್ನು ಎಣಿಸುವ ಪ್ರೋಗ್ರಾಮ್. ಎಲ್ಲದರಲ್ಲೂ ಪೈಥಾನ್ ಆವೃತ್ತಿ ಒಂದೇ ಇರಬೇಕು.

ಮೂರು, ಲಿಬ್ರೆಆಫೀಸ್‌ನಲ್ಲಿ ಕನ್ನಡ ಮತ್ತು ಉರ್ದು ಎರಡೂ ಇರುವ ಹತ್ತು ಪುಟದ ಕಡತ ತೆರೆದು ಪಿಡಿಎಫ್ ಮಾಡುವುದು. ಇಲ್ಲಿ ಸೆಕೆಂಡಿನ ಜೊತೆಗೆ ಇನ್ನೊಂದನ್ನೂ ನೋಡಬೇಕು. ಒತ್ತಕ್ಷರ ಸರಿಯಾಗಿ ಕೂರುತ್ತದೆಯೇ, ನಸ್ತಾಲೀಕ್ ಅಕ್ಷರ ಬರುತ್ತದೆಯೇ, ಕಗಪ ಕೀಲಿಮಣೆ ಹುಡುಕಾಡದೆ ಸಿಗುತ್ತದೆಯೇ? ಅಕ್ಷರ ಜೋಡಿಸುವ ಹಾರ್ಫ್‌ಬಝ್ ಎಂಬ ತಂತ್ರಾಂಶ ಎಲ್ಲ ಪ್ರಮುಖ ಡಿಸ್ಟ್ರೋಗಳಲ್ಲೂ ಇದೆ. ಕೀಲಿಮಣೆಯ ಪಟ್ಟಿಯಲ್ಲಿ ಕಗಪವೂ ಇದೆ. ಆದರೆ ಫಾಂಟ್ ಮೊದಲೇ ಹಾಕಿರುತ್ತಾರೋ ಇಲ್ಲವೋ ಎಂಬುದರಲ್ಲಿ ವ್ಯತ್ಯಾಸವಿದೆ. ಫಾಂಟ್ ಇಲ್ಲದೆ ಚೌಕ ಚೌಕವಾಗಿ ಕಾಣುವ ಕಡತ ಎಷ್ಟು ಬೇಗ ತೆರೆದರೇನು ಬಂತು?

ನಾಲ್ಕು, ಬ್ರೌಸರ್‌ನಲ್ಲಿ ಐದು ಟ್ಯಾಬ್. ಸ್ಕಾಲರ್‌ಶಿಪ್ ಅರ್ಜಿ, ಡಿಜಿಲಾಕರ್, ಒಂದು ಪಾಠದ ವಿಡಿಯೋ, ಒಂದು ಅಣಕು ಪರೀಕ್ಷೆ, ಒಂದು ಪಿಡಿಎಫ್. ಒಂದರಿಂದ ಇನ್ನೊಂದಕ್ಕೆ ಹೋದಾಗ ಯಂತ್ರ ಸ್ತಬ್ಧವಾಗುತ್ತದೆಯೇ ಎಂದು ನೋಡುವುದು. ಕೊನೆಯ ದಿನ ಅರ್ಜಿ ತುಂಬಿದವರಿಗೆ ಈ ಪರೀಕ್ಷೆಯ ಬೆಲೆ ಗೊತ್ತು.

ಐದು, 1 ಜಿಬಿ ಕಡತವನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಸುರಕ್ಷಿತವಾಗಿ ತೆಗೆಯಬಹುದು ಎಂಬ ಸೂಚನೆ ಬರುವವರೆಗಿನ ಸಮಯ. ಲಿನಕ್ಸ್‌ನಲ್ಲಿ ಕಾಪಿ ಮುಗಿದಂತೆ ಕಂಡರೂ ಮಾಹಿತಿ ಇನ್ನೂ ರ‍್ಯಾಮ್‌ನಲ್ಲೇ ಇರಬಹುದು, ಆಮೇಲೆ ನಿಧಾನವಾಗಿ ಡ್ರೈವ್‌ಗೆ ಇಳಿಯುತ್ತದೆ. ಮಧ್ಯದಲ್ಲೇ ಕಿತ್ತುಕೊಂಡರೆ ಕಡತ ಹಾಳು. ಇದನ್ನು ತಿಳಿಯದೆ ಲಿನಕ್ಸ್‌ಗೆ ಬೈಯುವವರು ತುಂಬಾ.

ಆಕ್ಷೇಪಗಳಿಗೆ ಉತ್ತರ

ಕಾಮರ್ಸ್ ವಿಭಾಗದವರ ಆಕ್ಷೇಪ ನ್ಯಾಯವಾದದ್ದು. ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ಅವರಿಗೆ ಅದನ್ನು ಕಲಿಯದೆ ಗತ್ಯಂತರವಿಲ್ಲ. ಆಫೀಸಿನವರಿಗೂ ಹಳೆಯ ನುಡಿ ಕಡತಗಳಿವೆ. ಆದ್ದರಿಂದ ಇರುವುದರಲ್ಲಿ ಹೊಸದಾದ ಕೆಲವು ಯಂತ್ರಗಳು ಪರವಾನಗಿ ಇರುವ ವಿಂಡೋಸ್‌ನಲ್ಲೇ ಇರಲಿ. ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಕೆಂಬ ಹಟ ನನಗಿಲ್ಲ.

"ನಾಳೆ ಕೆಲಸಕ್ಕೆ ಹೋದರೆ ಎಲ್ಲ ಕಡೆ ವಿಂಡೋಸ್ ತಾನೇ" ಎಂಬುದು ಇನ್ನೊಂದು ಮಾತು. ಕಚೇರಿ ಮೇಜುಗಳ ಮಟ್ಟಿಗೆ ಇದು ಬಹುಪಾಲು ನಿಜ. ಆದರೆ 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿರುವುದೆಲ್ಲ ಲಿನಕ್ಸೇ. ನಮ್ಮ ಜೇಬಿನ ಆಂಡ್ರಾಯ್ಡ್ ಫೋನ್ ಓಡುವುದೂ ಲಿನಕ್ಸ್ ಕರ್ನಲ್ ಮೇಲೆಯೇ. ಪಕ್ಕದ ಕೇರಳದಲ್ಲಿ ಕೈಟ್ ಸಂಸ್ಥೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆಂದು ಉಬುಂಟು ಆಧಾರಿತ ತನ್ನದೇ ಲಿನಕ್ಸ್ ಸಿದ್ಧಪಡಿಸಿ ಕೊಡುತ್ತಿದೆ. ಅಲ್ಲಿನ ಹೈಸ್ಕೂಲ್ ಮಕ್ಕಳು ಬಳಸುವುದನ್ನು ಪಿಯುಸಿಯ ನಾವು ಬಳಸಲಾರೆವೇ?

ಆರ್ಚ್ ಬಳಸುವ ನನ್ನ ಗೆಳೆಯರಿಗೂ ಒಂದು ಮಾತು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಏನು ಬೇಕಾದರೂ ಮಾಡಿ, ಅದರಿಂದ ನಾವೂ ಕಲಿಯುತ್ತೇವೆ. ಆದರೆ ಲ್ಯಾಬ್ ನೂರಾರು ಮಂದಿಯದ್ದು. ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಅಪ್‌ಡೇಟ್ ಒಂದು ಕೈಕೊಟ್ಟರೆ ಲ್ಯಾಬ್ ಅಟೆಂಡರ್ ಅಣ್ಣ ಯಾರಿಗೆ ಫೋನ್ ಮಾಡಬೇಕು? ಮಿಂಟ್ ಬಳಸುವ ಪ್ರಥಮ ವರ್ಷದ ಹುಡುಗಿಯನ್ನು "ಅದೆಲ್ಲ ಮಕ್ಕಳ ಲಿನಕ್ಸ್" ಎಂದು ನಗುವುದನ್ನೂ ದಯವಿಟ್ಟು ಬಿಡಿ. ಆಕೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ, ಅಷ್ಟೇ ಆಗುವುದು.

ನನ್ನ ಸಲಹೆ

ಆಡಳಿತ ಮಂಡಳಿ ತೀರ್ಮಾನ ತೆಗೆದುಕೊಳ್ಳುವ ಮೊದಲು ಲ್ಯಾಬ್‌ನ ಒಂದೇ ರೀತಿಯ ಮೂರು ಯಂತ್ರಗಳನ್ನು ಎರಡು ವಾರ ನಮಗೆ ಬಿಟ್ಟುಕೊಡಲಿ. ಡೆಬಿಯನ್ 13, ಲಿನಕ್ಸ್ ಮಿಂಟ್ 22, ಲುಬುಂಟು 24.04 ಈ ಮೂರು ಸಾಕು. ಮೊದಲ ಎರಡಕ್ಕೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಮೂರನ್ನೂ ಸರದಿಯಂತೆ ಮೂರೂ ಯಂತ್ರಗಳಲ್ಲಿ ಹಾಕಿ ಅಳೆದರೆ ಯಂತ್ರಗಳ ನಡುವಿನ ಸಣ್ಣಪುಟ್ಟ ವ್ಯತ್ಯಾಸವೂ ಲೆಕ್ಕದಿಂದ ಹೊರಗೆ ಹೋಗುತ್ತದೆ. ಒಮ್ಮೆ ಹಾರ್ಡ್ ಡಿಸ್ಕಿನಲ್ಲಿ, ಒಮ್ಮೆ ಎಸ್‌ಎಸ್‌ಡಿಯಲ್ಲಿ. ಅಳೆಯುವುದು, ಬರೆದುಕೊಳ್ಳುವುದು, ಸರಾಸರಿ ತೆಗೆಯುವುದು ದ್ವಿತೀಯ ಪಿಯುಸಿಯವರಾದ ನಮ್ಮ ಕೆಲಸ. ಫಲಿತಾಂಶದ ಹಾಳೆ ನೋಟಿಸ್ ಬೋರ್ಡಿಗೆ ಬರಲಿ. ಯಾರಿಗೆ ಅನುಮಾನವಿದೆಯೋ ಅವರು ಬಂದು ಮತ್ತೆ ಅಳೆಯಲಿ.

ನನ್ನ ಅಂದಾಜು ಹೀಗಿದೆ. ಮೂರು ಡಿಸ್ಟ್ರೋಗಳ ಸಂಖ್ಯೆಗಳು ಒಂದಕ್ಕೊಂದು ಹತ್ತಿರ ಹತ್ತಿರ ಇರುತ್ತವೆ. ಡಿಸ್ಕ್ ಬದಲಾಯಿಸಿದಾಗ ಮಾತ್ರ ದೊಡ್ಡ ಜಿಗಿತ ಕಾಣುತ್ತದೆ. ಹಾಗಾದರೆ ಆಯ್ಕೆಗೆ ವೇಗದ ಬದಲು ಬೇರೆ ಅಳತೆ ಬಳಸಬೇಕು. ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಬರುತ್ತದೆ? ಮಿಂಟ್ 22ಕ್ಕೆ 2029ರವರೆಗೆ ಇದೆ. ಡೆಬಿಯನ್‌ಗೆ ದೀರ್ಘಾವಧಿ ಬೆಂಬಲ ಸೇರಿ ಸುಮಾರು ಐದು ವರ್ಷ. ಲುಬುಂಟು ಮುಂತಾದವಕ್ಕೆ ಸಾಮಾನ್ಯವಾಗಿ ಮೂರೇ ವರ್ಷ. ವಿಂಡೋಸ್ ನೋಡಿ ಅಭ್ಯಾಸವಾದವರಿಗೆ ಮೆನು ಎಲ್ಲಿದೆಯೆಂದು ತಿಳಿಯುತ್ತದೆಯೇ? ತೊಂದರೆಯಾದರೆ ಹೇಳಿಕೊಡುವವರು ಕಾಲೇಜಿನಲ್ಲಿ ಇದ್ದಾರೆಯೇ? ಈ ಮೂರನ್ನೂ ನೋಡಿದರೆ ನನ್ನ ಮತ ಎಕ್ಸ್‌ಎಫ್‌ಸಿಇ ಇರುವ ಮಿಂಟ್‌ಗೆ. ನೋಟಿಸ್ ಬೋರ್ಡಿನ ಸಂಖ್ಯೆಗಳು ಬೇರೆ ಹೇಳಿದರೆ ನನ್ನ ಮತವೂ ಅದರ ಹಿಂದೆಯೇ ಹೋಗುತ್ತದೆ.

ಎಸ್‌ಎಸ್‌ಡಿಗೆ ಹಣ ಬೇಕು, ನಿಜ. ಆದರೆ ಒಂದು ಹೊಸ ಕಂಪ್ಯೂಟರಿನ ಬೆಲೆಯಲ್ಲಿ ಹಲವು ಹಳೆಯ ಯಂತ್ರಗಳಿಗೆ ಎಸ್‌ಎಸ್‌ಡಿ ಹಾಕಬಹುದು. ನಮ್ಮ ಲ್ಯಾಬ್‌ನ ಎಷ್ಟೋ ಯಂತ್ರಗಳು ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಕೊಟ್ಟವು. ಅವು ನಮ್ಮ ಕೈಯಲ್ಲಿರುವ ಅಮಾನತ್. ಇನ್ನೂ ನಾಲ್ಕೈದು ವರ್ಷ ದುಡಿಯಬಲ್ಲ ಯಂತ್ರವನ್ನು ಗುಜರಿಗೆ ಹಾಕುವುದು ಇಸ್ರಾಫ್ ಅಲ್ಲದೆ ಇನ್ನೇನು? ಹೊಸದು ಕೊಳ್ಳಲೇಬೇಕೆಂದರೆ ಕೊಳ್ಳೋಣ, ಆದರೆ ಹಳೆಯದು ನಿಜವಾಗಿಯೂ ಆಗದು ಎಂದು ಅಳೆದು ನೋಡಿದ ಮೇಲೆ.

ಆಸಕ್ತಿ ಇರುವವರು ವಿಜ್ಞಾನವಾಗಲಿ, ಕಾಮರ್ಸ್ ಆಗಲಿ, ಕಲಾ ವಿಭಾಗವಾಗಲಿ, ನಿಮ್ಮ ಹೆಸರನ್ನು ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಬರೆಸಿ. ಅನುಮತಿ ಸಿಕ್ಕರೆ ಇನ್ ಶಾ ಅಲ್ಲಾಹ್ ಅರ್ಧವಾರ್ಷಿಕ ಪರೀಕ್ಷೆಗೆ ಮೊದಲೇ ಮುಗಿಸಬಹುದು. ಬರುವಾಗ ಒಂದು ನೋಟ್‌ಬುಕ್ ತನ್ನಿ, ಮೊಬೈಲಿನ ಸ್ಟಾಪ್‌ವಾಚ್ ಸಾಕು.